ಎತ್ವಕ್ಕೆ ಬಂದ ಬಾಲ

ಧಾರವಾಡದ ಆ ಪ್ರಯೋಗಾಲಯದ ಗೋಡೆಯ ಪರದೆಯಲ್ಲಿ ನಲವತ್ತೊಂದು ಶಾಲೆಗಳ ಹೆಸರಿದ್ದವು. ನಲವತ್ತು ಹಸಿರು, ಒಂದು ಕೆಂಪು. ಕೆಂಪಾಗಿದ್ದದ್ದು ಕರಾವಳಿಯ ಕಡಲಬೈಲು ಎಂಬ ಮೀನುಗಾರರ ಊರಿನ ಪ್ರಾಥಮಿಕ ಶಾಲೆ. ಮೂರು ವಾರಗಳಾದರೂ ಅದು ಹಸಿರಿಗೆ ತಿರುಗುವ ಲಕ್ಷಣ ಕಾಣಲಿಲ್ಲ. ಬೆಳಿಗ್ಗೆ ಚಹಾದ ಕಪ್ಪು ಕೈಗೆ ಬರುವ ಮೊದಲೇ ಕಸ್ತೂರಿ ಹಂಚಿನಮನಿಯ ಕಣ್ಣು ಆ ಕೆಂಪಿನ ಮೇಲೆ ಬೀಳುತ್ತಿತ್ತು. ಆಮೇಲೆ ಚಹಾ ರುಚಿಸುತ್ತಿರಲಿಲ್ಲ.

ಪಾಟಿಯನ್ನು ಮಾಡಿದವಳು ಅವಳೊಬ್ಬಳೇ ಅಲ್ಲ, ಆದರೆ ಅದರ ಜೀವ ಅವಳದು. ನೋಡುವುದಕ್ಕೆ ಅದು ಹಿಂದಿನ ಕಾಲದ ಕಲ್ಲುಪಾಟಿಯ ಹಾಗೆಯೇ ಕಪ್ಪು ಹಲಗೆ, ಸುತ್ತ ಮರದ ಕಟ್ಟು. ಕಪ್ಪು ಮೈಯ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸಾವಿರಾರು ಕಾಂತದ ಸುರುಳಿಗಳು. ಬಳಪದ ತುದಿಯೊಳಗೆ ಒಂದು ಚೂರು ಕಬ್ಬಿಣ. ಮಗು ‘ಗ’ ಎಂದು ಬಾಯಿಬಿಟ್ಟು ಹೇಳಿ ಬಳಪ ಊರಿದರೆ ಪಾಟಿ ಅದನ್ನು ಕೇಳಿಸಿಕೊಂಡು, ಬಳಪವನ್ನು ಗಕಾರದ ದಾರಿಯಲ್ಲಿ ಮೆಲ್ಲಗೆ ಸೆಳೆಯುತ್ತದೆ, ಅಜ್ಜಿ ಮೊಮ್ಮಗಳ ಕೈ ಹಿಡಿದು ತಿದ್ದಿಸಿದ ಹಾಗೆ. ಕೈಗೆ ದಾರಿ ಗೊತ್ತಾದಷ್ಟೂ ಸೆಳೆತ ಕಡಿಮೆ. ಪೂರ್ತಿ ಗೊತ್ತಾದ ದಿನ ಸೆಳೆತವೇ ಇಲ್ಲ.

ಕಸ್ತೂರಿ ಸೇರಿಸಿದ್ದು ಇನ್ನೊಂದು ಗುಣ. ಶಾಲೆ ಬಿಟ್ಟ ಮೇಲೆ ತರಗತಿಯ ಪಾಟಿಗಳೆಲ್ಲ ಒಂದೇ ಗೂಡಿನಲ್ಲಿ ಚಾರ್ಜಿಗೆ ಕೂರುತ್ತವಲ್ಲ, ಆಗ ಒಂದು ಮಗುವಿನ ಕೈ ಕಂಡುಕೊಂಡದ್ದು ಉಳಿದ ಪಾಟಿಗಳಿಗೂ ತಿಳಿಯುತ್ತದೆ. ಒಬ್ಬಳು ‘ಖ’ ಬರೆಯುವುದಕ್ಕೆ ಸುಲಭದ ತಿರುವೊಂದನ್ನು ಹುಡುಕಿದರೆ ಮರುದಿನ ಮೂವತ್ತು ಮಕ್ಕಳ ಬಳಪವೂ ಆ ತಿರುವಿನಲ್ಲಿ ಹಗುರಾಗಿ ಓಡುತ್ತದೆ. ಇದಕ್ಕೆ ಅವಳು ‘ಹಂಚಿಕೆ’ ಎಂದು ಹೆಸರಿಟ್ಟಿದ್ದಳು. ಹೆಸರಿಟ್ಟ ದಿನ ಇಡೀ ಪ್ರಯೋಗಾಲಯಕ್ಕೆ ಪೇಢೆ ಹಂಚಿದ್ದಳು ಕೂಡ.

ಈಗ ಆ ಹಂಚಿಕೆಯ ಮೇಲೆಯೇ ಆಪಾದನೆ ಬಂದಿತ್ತು. ಕಡಲಬೈಲಿನ ಒಂದನೇ ತರಗತಿಯಲ್ಲಿ ಎತ್ವ ಕೆಟ್ಟಿತ್ತು. ‘ಕ’ವನ್ನು ‘ಕೆ’ ಮಾಡುವಾಗ ತಲೆಯ ಮೇಲೆ ಒಂದು ಸಣ್ಣ ಕೊಂಡಿ ಹಾಕುತ್ತೇವಲ್ಲ, ಅದನ್ನು ಬರೆದು ಮುಗಿಸಿದ ಮಕ್ಕಳು ಬಳಪವನ್ನು ಹಾಗೆಯೇ ಮೇಲಕ್ಕೆ ಚಿಮ್ಮಿಸಿ, ಬಂಗುಡೆ ಮೀನಿನ ಬಾಲದಂಥ ಒಂದು ಸೀಳುಗೆರೆ ಎಳೆಯುತ್ತಿದ್ದರು. ಎಲ್ಲ ಎತ್ವಕ್ಕೂ ಅಲ್ಲ. ಒಂದೇ ಮಗು ಒಂದೇ ದಿನ ಒಂದು ‘ಪೆ’ಗೆ ಬಾಲವಿಟ್ಟು ಇನ್ನೊಂದು ‘ಪೆ’ಯನ್ನು ಬೋಳಾಗಿ ಬಿಡುತ್ತಿತ್ತು. ಮೊದಲು ಒಬ್ಬರು, ವಾರದಲ್ಲಿ ಹನ್ನೊಂದು ಮಂದಿ, ಈಗ ಮೂವತ್ತೊಂದು ಮಕ್ಕಳೂ.

ಪ್ರಯೋಗಾಲಯದ ಮುಖ್ಯಸ್ಥ ಡಾ. ಗುರುನಾಥ ತೇಗೂರರು ಕೆಟ್ಟವರಲ್ಲ. ಪಾಟಿ ರಾಜ್ಯದ ಎಲ್ಲ ಶಾಲೆಗಳಿಗೂ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಇನ್ನು ಹನ್ನೆರಡು ದಿನಕ್ಕೆ ಬರುವುದಿತ್ತು. ನೂರಕ್ಕೆ ತೊಂಬತ್ತೇಳು ಅಕ್ಷರ ಸರಿಯಿರಬೇಕು ಎಂಬುದು ಸಮಿತಿಯ ನಿಯಮ. ಆರು ವರ್ಷದ ದುಡಿಮೆ ಒಂದು ಬಾಲಕ್ಕೆ ಸಿಕ್ಕಿ ಹಾಳಾಗುವುದು ಅವರಿಗೆ ಬೇಡವಾಗಿತ್ತು.

“ನೋಡವಾ ಕಸ್ತೂರಿ,” ಎಂದರು ಅವರು, “ಸಮಿತಿಯವ್ರು ‘ಆನೆ’ ಅಂತ ಬರೀರಿ ಅಂತಾರ. ಹುಡುಗ್ರು ಆನಿ ತಲಿ ಮ್ಯಾಲ ಬಾಲ ಬರದು ತೋರಸ್ತಾವ. ಆವಾಗ ನಾವು ಎಲ್ಲಿ ಮಕಾ ಇಟಗೊಳ್ಳೂದು?”

ಹಂಚಿಕೆಯನ್ನು ಮುಚ್ಚಿ, ಆ ಶಾಲೆಯ ಪಾಟಿಗಳು ಈವರೆಗೆ ಕಲಿತದ್ದನ್ನೆಲ್ಲ ಅಳಿಸಿಬಿಡುವುದು ಅವರ ವಿಚಾರ. ಹಾಗೆ ಅಳಿಸಬೇಕಾದರೆ ಕಸ್ತೂರಿಯ ಹೆಬ್ಬೆರಳಿನ ಒಪ್ಪಿಗೆ ಬೇಕು. ಅವಳು ಒಮ್ಮೆ ಹೋಗಿ ನೋಡಿ ಬರುತ್ತೇನೆಂದಳು. ಉಪ್ಪುಗಾಳಿಗೆ ಸುರುಳಿಗಳು ಕಿಲುಬು ಹಿಡಿದಿರಬಹುದು, ತಪ್ಪು ತಾಮ್ರದ್ದಿರಬಹುದು, ಹಂಚಿಕೆಯದಲ್ಲ ಎಂದು ವಾದಿಸಿದಳು. ತೇಗೂರರು ಶನಿವಾರ ಮಧ್ಯಾಹ್ನದವರೆಗೆ ಗಡುವು ಕೊಟ್ಟರು. ಅವತ್ತು ಮಂಗಳವಾರ.

ಕಡಲಬೈಲಿನ ಶಾಲೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಉದ್ದನೆಯ ಹೆಂಚಿನ ಕಟ್ಟಡ. ಒಂದನೇ ತರಗತಿಯ ಜಲಜಾಕ್ಷಿ ಟೀಚರ್ ಅವಳನ್ನು ಬಾಗಿಲಲ್ಲೇ ಬರಮಾಡಿಕೊಂಡರು. ಮಾತು ಮಾತ್ರ ಅಳತೆಯಲ್ಲಿತ್ತು. ಐವತ್ತರ ಹತ್ತಿರದ ಹೆಂಗಸು, ಕಿವಿಯ ಮೇಲೆ ಸದಾ ಸಿಕ್ಕಿಸಿಕೊಂಡ ಕೆಂಪು ಪೆನ್ನು. ಕಸ್ತೂರಿ ಚೀಲದಿಂದ ಸ್ಕ್ರೂಡ್ರೈವರು ತೆಗೆದದ್ದೇ ತಡ, ಟೀಚರ್ ಕೇಳಿಯೇಬಿಟ್ಟರು.

“ಸ್ಲೇಟು ವಾಪಸ್ ತಕೊಂಡು ಹೋಗ್ಲಿಕ್ಕೆ ಬಂದದ್ದಾ ನೀವು?”

ಹಾಗೇನಿಲ್ಲ, ರಿಪೇರಿಗೆ ಬಂದದ್ದು ಎಂದಳು ಕಸ್ತೂರಿ. ಟೀಚರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಬುಧವಾರ ಇಡೀ ದಿನ ಅವಳು ಜಗಲಿಯಲ್ಲಿ ಕೂತು ಪಾಟಿಗಳನ್ನು ಬಿಚ್ಚಿದಳು. ಮಕ್ಕಳು ಸುತ್ತ ನಿಂತು ತಮ್ಮ ತಮ್ಮ ಪಾಟಿಯ ಹೊಟ್ಟೆಯೊಳಗೆ ಏನಿದೆ ಎಂದು ಇಣುಕಿದರು. ಒಂದು ಸುರುಳಿಯೂ ಕೆಟ್ಟಿರಲಿಲ್ಲ. ತಾಮ್ರ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಕಡೆಗೆ ಅವಳೇ ಬಳಪ ಹಿಡಿದು ‘ಪೆ’ ಎಂದು ಹೇಳಿ ಬರೆದಳು. ಬಾಲ ಬರಲಿಲ್ಲ, ಪಾಟಿ ಎಳೆಯಲೂ ಇಲ್ಲ. ಅದೇ ಪಾಟಿಯನ್ನು ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿಗೆ ಕೊಟ್ಟಳು. ಹುಡುಗಿ ತನಗೆ ಬೇಕಾದ್ದೇನನ್ನೋ ಹೇಳಿಕೊಂಡು ಬರೆದಳು. ಕಸ್ತೂರಿ ತನ್ನ ಬೆರಳನ್ನು ಅವಳ ಬೆರಳಿನ ಮೇಲೆ ಹಗುರಾಗಿ ಇಟ್ಟಿದ್ದಳು. ಎತ್ವ ಮುಗಿಯುವ ಹೊತ್ತಿಗೆ ಪಾಟಿ ಬಳಪವನ್ನು ಮೇಲಕ್ಕೆ ಸೆಳೆಯಿತು: ಸ್ಪಷ್ಟವಾಗಿ, ನಿಧಾನವಾಗಿ, ಬಾಲದ ದಾರಿಯಲ್ಲಿ.

ಪಾಟಿ ಕೆಟ್ಟಿರಲಿಲ್ಲ. ಯಾರೂ ಹೇಳಿಕೊಡದ ಒಂದು ಅಕ್ಷರವನ್ನು ಅದು ಮಕ್ಕಳಿಗೆ ಕಲಿಸುತ್ತಿತ್ತು.

ಆ ಊರಿನಲ್ಲಿ ಉಳಿದುಕೊಳ್ಳುವುದಕ್ಕೆ ಲಾಡ್ಜ್ ಇರಲಿಲ್ಲ. ಜಲಜಾಕ್ಷಿ ಟೀಚರ್ ತಮ್ಮ ಮನೆಯಲ್ಲೇ ಕೋಣೆ ಕೊಟ್ಟಿದ್ದರು. ಮನೆಯಲ್ಲಿ ಅವರ ಅತ್ತೆ ಗಿರಿಜಕ್ಕ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಗಂಡ ಮೀನಿನ ಮಂಜುಗಡ್ಡೆ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ಸಂಜೆಯ ಚಹಾಕ್ಕೆ ಗಿರಿಜಕ್ಕ ಬಿಸಿ ಗೋಳಿಬಜೆ ತಂದಿಟ್ಟರು. ಕಸ್ತೂರಿ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ತೆರೆದು ಲೆಕ್ಕ ಹಾಕುತ್ತ ಕೂತಳು.

ಪಾಟಿ ಮಕ್ಕಳ ದನಿಯನ್ನು ಉಳಿಸಿಕೊಳ್ಳುವುದಿಲ್ಲ. ಬಾಯಿ ಎಷ್ಟು ಅಗಲವಾಯಿತು, ನಾಲಿಗೆ ಎಲ್ಲಿತ್ತು ಎಂಬುದನ್ನು ಅಂದಾಜಿಸಿ ಪ್ರತಿ ಸ್ವರಕ್ಕೂ ಒಂದು ಚುಕ್ಕಿ ಇಡುತ್ತದೆ, ಅಷ್ಟೆ. ಕಡಲಬೈಲಿನ ಎತ್ವದ ಚುಕ್ಕಿಗಳನ್ನು ಒಟ್ಟಿಗೆ ಹರಡಿದಾಗ ಪರದೆಯ ಮೇಲೆ ಒಂದು ರಾಶಿ ಬರಲಿಲ್ಲ, ಎರಡು ಬಂದವು. ನಡುವೆ ಖಾಲಿ ಓಣಿ. ಬಾಲವಿಲ್ಲದವೆಲ್ಲ ಎಡಗಡೆ, ಬಾಲವಿದ್ದವೆಲ್ಲ ಬಲಗಡೆ.

ಅವಳು ಆ ರಾಶಿಗಳನ್ನು ಟೀಚರಿಗೆ ತೋರಿಸಿದಳು. ಟೀಚರಿಗೆ ಚುಕ್ಕಿಗಳು ಏನೂ ಹೇಳಲಿಲ್ಲ. ಆದರೆ ಕೆಳಗೆ ಮಕ್ಕಳು ಬರೆದ ಪದಗಳ ಸಾಲಿತ್ತು. ಕಸ್ತೂರಿ ಮೂರು ವಾರದಿಂದ ಅಕ್ಷರಗಳನ್ನಷ್ಟೇ ಎಣಿಸುತ್ತಿದ್ದವಳು, ಪದಗಳನ್ನು ನೋಡಿರಲೇ ಇಲ್ಲ. ಜಲಜಾಕ್ಷಿ ಟೀಚರ್ ಕನ್ನಡಕ ಏರಿಸಿ ಓದಿದರು: ಬರ್ಪೆ. ಪೋಪೆ. ಉಲ್ಲೆ. ಬರ್ಪೆ. ಓದುತ್ತ ಓದುತ್ತ ಅವರ ಬಿಗಿಮುಖ ಸಡಿಲವಾಯಿತು. ಎದ್ದು ಹೋಗಿ ಫೋನು ತಂದು, ಅದರಲ್ಲಿದ್ದ ಮಕ್ಕಳ ಪಾಟಿಯ ಫೋಟೋಗಳನ್ನು ತೋರಿಸುತ್ತ ನಡೆದದ್ದನ್ನು ಹೇಳತೊಡಗಿದರು.

ಕಡಲಬೈಲಿನ ಮಕ್ಕಳ ಮನೆಮಾತು ತುಳು. ಶಾಲೆಯಲ್ಲಿ ಕನ್ನಡ. ಟೀಚರ್ ಪ್ರತಿ ಶುಕ್ರವಾರ ಮಧ್ಯಾಹ್ನ ಮಕ್ಕಳಿಂದ ಮನೆಯವರಿಗೆ ಒಂದೊಂದು ಕಾಗದ ಬರೆಸುತ್ತಿದ್ದರು. ಪಾಟಿಯ ಮೇಲೆ ಒಂದು ಸಾಲು, ಅದರ ಫೋಟೋ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಅಪ್ಪಂದಿರು ಹತ್ತು ಹನ್ನೆರಡು ದಿನ ಆಳಸಮುದ್ರದ ಬೋಟಿನಲ್ಲಿರುವವರು. ಬೋಟಿನ ಉಪಗ್ರಹ ಫೋನಿಗೆ ಆ ಫೋಟೋ ಹೋಗುತ್ತಿತ್ತು. ಯಾವ ಭಾಷೆಯಲ್ಲಿ ಬರೆಯಬೇಕೆಂದು ಟೀಚರ್ ಹೇಳಿರಲಿಲ್ಲ. ಮಕ್ಕಳು ಅಪ್ಪನ ಹತ್ತಿರ ಮಾತಾಡುವಂತೆಯೇ ಬರೆದರು, ಕನ್ನಡದ ಅಕ್ಷರದಲ್ಲಿ ತುಳು.

ಎರಡು ಜಡೆಯ ಆ ಹುಡುಗಿಯ ಹೆಸರು ಯಶ್ವಿತಾ. ಅವಳಪ್ಪ ಭಾಸ್ಕರನ ಬೋಟು ಮರಳುವ ವಾರ ಅವಳು ಬರೆದದ್ದು ಎರಡೇ ಪದ: ‘ದಕ್ಕೆಗ್ ಬರ್ಪೆ.’ ದಕ್ಕೆ ಎಂದರೆ ಬೋಟು ನಿಲ್ಲುವ ಕಟ್ಟೆ. ದಕ್ಕೆಗೆ ನಾನು ಬರುತ್ತೇನೆ ಎಂದು ಅವಳ ಮಾತು. ಆದರೆ ತುಳುವಿನಲ್ಲಿ ‘ನಾನು ಬರುತ್ತೇನೆ’ ಎನ್ನುವುದಕ್ಕೂ ‘ಅವನು ಬರುತ್ತಾನೆ’ ಎನ್ನುವುದಕ್ಕೂ ಕೊನೆಯ ಸ್ವರದಲ್ಲಿ ಮಾತ್ರ ವ್ಯತ್ಯಾಸ. ನಾನಾದರೆ ಬಾಯಿ ತುಸು ಅಗಲ, ಅವನಾದರೆ ತುಸು ಕಿರಿದು. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಎತ್ವ. ಭಾಸ್ಕರ ಅದನ್ನು ‘ಅವನು ಬರುತ್ತಾನೆ’ ಎಂದು ಓದಿಕೊಂಡ. ಅವನೆಂದರೆ ಮಗ ನಿತೇಶ, ಇನ್ಯಾರು? ದಕ್ಕೆಯಲ್ಲಿ ನಿತೇಶ ಕಾಣಿಸಿದ ಕೂಡಲೇ ಅವನೊಂದಿಗೆ ಸ್ಕೂಟರ್ ಹತ್ತಿ ಮನೆಗೆ ಹೋದ. ದಕ್ಕೆಯ ಇನ್ನೊಂದು ತುದಿಯಲ್ಲಿ ಯಶ್ವಿತಾ ಅಜ್ಜಿಯ ಕೈ ಹಿಡಿದು, ಹೊಸ ಫ್ರಾಕು ಹಾಕಿಕೊಂಡು ಎರಡು ಗಂಟೆ ನಿಂತಿದ್ದಳು.

ಮನೆಗೆ ಬಂದು ಅತ್ತದ್ದು ಅತ್ತದ್ದೇ. ಅಪ್ಪ ಫೋಟೋ ತೋರಿಸಿ, ನೀನೇ ಹೀಗೆ ಬರೆದದ್ದಲ್ಲವೇ ಎಂದ. ಮಗಳು, ನಾನು ಹಾಗೆ ಬರೆದೇ ಇಲ್ಲ ಎಂದಳು. ಇಬ್ಬರೂ ಹೇಳಿದ್ದು ನಿಜ.

“ಮರುದಿನ ಕ್ಲಾಸಿಗೆ ಬಂದವಳೇ ಎತ್ವಕ್ಕೆ ಬಾಲ ಹಾಕಿದಳು,” ಎಂದರು ಜಲಜಾಕ್ಷಿ ಟೀಚರ್. “ಇದೆಂತದು ಅಂತ ಕೇಳಿದೆ. ‘ಇದು ನಾನು ಬರುವ ಬರ್ಪೆ ಟೀಚರ್, ಇನ್ನು ಅಪ್ಪನಿಗೆ ತಪ್ಪುವುದಿಲ್ಲ’ ಅಂದಳು. ನಾನು ಕೆಂಪು ಪೆನ್ನು ತೆಗೆದಿದ್ದೆ ಮಾರಾಯ್ರೆ. ಮತ್ತೆ ಕಿವಿಗೇ ಸಿಕ್ಕಿಸಿದೆ. ನಾವು ದೊಡ್ಡವರು ಅಂದಾಜಿನಲ್ಲಿ ಓದಿಕೊಂಡು ಹೋಗುವುದು. ಆ ಮಗುವಿಗೆ ಅಂದಾಜು ಸಾಕಾಗಲಿಲ್ಲ.”

ಪಂಡಿತರ ಪುಸ್ತಕಗಳಲ್ಲಿ ಈ ಸ್ವರಕ್ಕೆ ಏನಾದರೂ ಗುರುತು ಇದ್ದೀತು, ಆದರೆ ಒಂದನೇ ತರಗತಿಯ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಎಂದೂ ಅವರು ಹೇಳಿದರು. ಬಾಲ ಹೇಗೆ ಎಲ್ಲ ಪಾಟಿಗಳಿಗೂ ಹತ್ತಿತು ಎಂಬುದು ಅವರಿಗೂ ತಿಳಿದಿರಲಿಲ್ಲ. ಅದು ಕಸ್ತೂರಿಗೆ ತಿಳಿಯಿತು. ಯಶ್ವಿತಾಳ ಪಾಟಿ, ಸ್ವರ ಬೇರೆಯಾದಾಗಲೆಲ್ಲ ಗೆರೆಯೂ ಬೇರೆಯಾಗುವುದನ್ನು ಗಮನಿಸಿತ್ತು. ಸಂಜೆ ಗೂಡಿನಲ್ಲಿ ಅದನ್ನು ಉಳಿದ ಪಾಟಿಗಳಿಗೆ ಹೇಳಿತ್ತು. ಆ ಪಾಟಿಗಳಿಗೂ ತಮ್ಮ ತಮ್ಮ ಮಕ್ಕಳ ಬಾಯಲ್ಲಿ ಅದೇ ಎರಡು ರಾಶಿ ಕಂಡಿತ್ತು. ಹಂಚಿಕೆ ತಾನು ಏನು ಮಾಡಬೇಕಿತ್ತೋ ಅದನ್ನೇ ಮಾಡಿತ್ತು.

ಒಂದೇ ತೊಂದರೆ. ಕಸ್ತೂರಿಗೆ ಆ ಎರಡು ಸ್ವರಗಳ ವ್ಯತ್ಯಾಸ ಕೇಳಿಸುತ್ತಲೇ ಇರಲಿಲ್ಲ. ಟೀಚರ್ ಹೇಳಿದರು, “ಬರ್ಪೆ. ಬರ್ಪೆ.” ಕಸ್ತೂರಿಯ ಕಿವಿಗೆ ಎರಡೂ ಒಂದೇ. ಗಿರಿಜಕ್ಕ ಸೌಟು ಹಿಡಿದುಕೊಂಡೇ ಬಂದು ಎದುರು ಕೂತು, ತಮ್ಮ ಬೊಚ್ಚುಬಾಯಿಯನ್ನು ಒಮ್ಮೆ ಅಗಲಿಸಿ ಒಮ್ಮೆ ಕಿರಿದು ಮಾಡಿ ತೋರಿಸಿದರು. ಹತ್ತು ಸಲ, ಹದಿನೈದು ಸಲ. ಕಸ್ತೂರಿ ಹೇಳಿದ್ದಕ್ಕೆಲ್ಲ ಗಿರಿಜಕ್ಕ ತಲೆಯಾಡಿಸಿ ಅಲ್ಲವೆಂದರು. ಪಿಎಚ್.ಡಿ. ಮಾಡಿದ ಹೆಂಗಸು ಹೀಗೆ ಗೋಳಿಬಜೆ ತಣ್ಣಗಾಗುವವರೆಗೆ ಒಂದು ಸ್ವರಕ್ಕಾಗಿ ಹೆಣಗಿದಳು.

ಆಗ ಅವಳಿಗೆ ಗುತ್ತಲ ಮಾಸ್ತರರು ನೆನಪಾದರು. ಒಂದನೇ ಇಯತ್ತೆಯಲ್ಲಿ ಅವಳು ಪಾಟಿಯ ಮೇಲೆ ‘ಬ್ಯಾಳಿ’ ಎಂದು ಬರೆದಿದ್ದಳು; ಮನೆಯಲ್ಲಿ ಅವ್ವ ಹೇಳುವುದೇ ಹಾಗೆ. ಮಾಸ್ತರರು ಉಗುಳು ಹಚ್ಚಿ ಅದನ್ನು ಒರೆಸಿ ‘ಬೇಳೆ’ ಎಂದು ತಿದ್ದಿದ್ದರು. ಬೇಳೆಯ ಸ್ವರದಿಂದ ಬ್ಯಾಳಿಯ ಸ್ವರದ ಕಡೆಗೆ ಬಾಯಿ ಅಗಲವಾಗುತ್ತ ಹೋಗುತ್ತದೆ. ಪೂರ್ತಿ ಅಲ್ಲಿಗೆ ಹೋಗದೆ ನಡುದಾರಿಯಲ್ಲಿ ನಿಂತರೆ? ಕಸ್ತೂರಿ ನಡುದಾರಿಯಲ್ಲಿ ನಿಂತು “ಬರ್ಪೆ” ಎಂದಳು.

ಗಿರಿಜಕ್ಕ ಸೌಟಿನಿಂದ ಅವಳ ತಟ್ಟೆಯ ಅಂಚಿಗೆ ಟಣ್ಣೆಂದು ಹೊಡೆದು, ಇನ್ನೊಂದು ಗೋಳಿಬಜೆ ಹಾಕಿದರು. ಅದರ ನಂತರ ಕಸ್ತೂರಿಗೆ ಎರಡೂ ಬೇರೆ ಬೇರೆಯಾಗಿ ಕೇಳಿಸತೊಡಗಿದವು. ಇಷ್ಟು ದಿನ ಹೇಗೆ ಕೇಳಿಸಲಿಲ್ಲ ಎಂದೇ ಆಶ್ಚರ್ಯವಾಯಿತು.

ಗುರುವಾರ ಅವಳು ತೇಗೂರರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಸಮಾಧಾನದಿಂದ ಕೇಳಿದರು, ಒಪ್ಪಲಿಲ್ಲ. ಮಕ್ಕಳು ಕನ್ನಡ ಬರೆಯುವುದನ್ನು ಕಲಿಯಲಿ ಎಂದು ಪಾಟಿ ಮಾಡಿದ್ದು, ವರ್ಣಮಾಲೆಗೆ ಅಕ್ಷರ ಸೇರಿಸುವುದಕ್ಕೆ ನಾವು ಯಾರು ಎಂದರು. ಆ ಮಕ್ಕಳು ‘ಆನೆ’ಗೂ ಬಾಲ ಹಾಕುತ್ತಿದ್ದಾರಲ್ಲ, ಅದಕ್ಕೇನು ಹೇಳುತ್ತೀ ಎಂದು ಕೇಳಿದರು. ಅದು ನಿಜವೇ ಆಗಿತ್ತು. ಆನೆಗೆ ತುಳುವಿನಲ್ಲೂ ಹತ್ತಿರದ ಹೆಸರೇ, ಮಕ್ಕಳು ಮನೆಯಲ್ಲಿ ಅಂದಂತೆಯೇ ಶಾಲೆಯಲ್ಲೂ ಅಂದು ಬಾಲ ಎಳೆಯುತ್ತಿದ್ದರು. ಕಸ್ತೂರಿ ಅದನ್ನು ಒಪ್ಪಿಕೊಂಡಳು. ಆದರೂ ಹೆಬ್ಬೆರಳು ಒತ್ತುವುದಿಲ್ಲ ಎಂದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವರಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು.

“ಹಂಗಾದ್ರ ನಾನಽ ಬರ್ತೀನಿ,” ಎಂದು ತೇಗೂರರು ಫೋನಿಟ್ಟರು.

ಶುಕ್ರವಾರ ಹನ್ನೊಂದು ಗಂಟೆಗೆ ಅವರು ಬಂದಿಳಿದಾಗ ಮುಖ ಘಾಟಿಯ ತಿರುವುಗಳಿಂದ ಬಿಳಿಚಿತ್ತು. ಟೀಚರ್ ಕೊಟ್ಟ ಎಳನೀರು ಕುಡಿದು, ಮಕ್ಕಳ ಪಾಟಿಗಳನ್ನು ಒಂದೊಂದಾಗಿ ನೋಡಿ, ತಾವೇ ಒಂದು ಪರೀಕ್ಷೆ ಹೂಡಿದರು. ಅವರದು ವಿಜ್ಞಾನಿಯ ಬುದ್ಧಿ. ಒಪ್ಪದಿದ್ದರೂ ನೋಡದೆ ತಳ್ಳಿಹಾಕುವವರಲ್ಲ. ಹತ್ತು ಮಕ್ಕಳು ತರಗತಿಯೊಳಗೆ, ಹತ್ತು ಮಕ್ಕಳು ಬಿಸಿಯೂಟದ ಕೋಣೆಯಲ್ಲಿ. ಒಳಗಿನವರಿಗೆ ಟೀಚರ್ ಒಂದೊಂದು ಪದ ಹೇಳಬೇಕು, ಒಮ್ಮೆ ನಾನು, ಒಮ್ಮೆ ಅವನು, ಯಾವ ಕ್ರಮವೂ ಇಲ್ಲದೆ. ಮಕ್ಕಳು ಬರೆಯಬೇಕು. ಕಸ್ತೂರಿ ಆ ಪಾಟಿಗಳನ್ನು ಬಾಯಿ ಮುಚ್ಚಿಕೊಂಡು ಆಚೆ ಕೋಣೆಗೆ ಒಯ್ಯಬೇಕು. ಅಲ್ಲಿನ ಮಕ್ಕಳು ಓದಿ, ‘ನಾನು’ ಆದರೆ ತಮ್ಮ ಎದೆ ಮುಟ್ಟಿಕೊಳ್ಳಬೇಕು, ‘ಅವನು’ ಆದರೆ ಅವನನ್ನು ತೋರಿಸಬೇಕು. ಆ ಕೋಣೆಯಲ್ಲಿದ್ದ ಒಬ್ಬನೇ ಗಂಡಸೆಂದರೆ ತೇಗೂರರು.

ಮೊದಲ ಪಾಟಿ ಬಂತು. ಹುಡುಗನೊಬ್ಬ ಓದಿ, ಎದೆ ಮುಟ್ಟಿಕೊಂಡ. ಎರಡನೆಯದನ್ನು ಓದಿದ ಹುಡುಗಿ ತೇಗೂರರ ಹೊಟ್ಟೆಯ ಕಡೆ ಬೆರಳು ಮಾಡಿದಳು. ಅವರು ಚೀಟಿಯಲ್ಲಿ ಗುರುತು ಹಾಕಿಕೊಂಡರು. ಮೂರು, ನಾಲ್ಕು, ಐದು. ಬೆರಳುಗಳು ಎದೆಗೂ ಅವರ ಕಡೆಗೂ ತಡವರಿಸದೆ ಹೋಗುತ್ತಿದ್ದವು. ಎರಡು ಸುತ್ತು ಸೇರಿ ಇಪ್ಪತ್ತು ಪಾಟಿಯಲ್ಲಿ ಹತ್ತೊಂಬತ್ತು ಸರಿ. ತಪ್ಪಿದ್ದು ಒಂದೇ, ‘ಪೋಪೆ’ ಎಂಬುದನ್ನು ಓದಿದ ಪುಟ್ಟ ಹುಡುಗ ಒಂದು ಕೈಯನ್ನು ಎದೆಯ ಮೇಲಿಟ್ಟು ಇನ್ನೊಂದು ಕೈಯಲ್ಲಿ ತೇಗೂರರನ್ನು ತೋರಿಸಿದ. ಯಾಕೆಂದು ತೇಗೂರರು ಕೇಳಿದರೆ, ಇಬ್ಬರೂ ಒಟ್ಟಿಗೆ ಹೋಗುವುದು ಎಂದ.

ತೇಗೂರರು ಈಗ ಇನ್ನೊಂದು ಸುತ್ತು ಮಾಡಿಸಿದರು. ಪಾಟಿಗಳ ಮೇಲಿನ ಬಾಲಗಳನ್ನೆಲ್ಲ ತಾವೇ ಕರವಸ್ತ್ರದಿಂದ ಒರೆಸಿ ಮಕ್ಕಳ ಮುಂದಿಟ್ಟರು; ಬಾಲವಿದ್ದ ಕಡೆ ಮಸುಕು ಕಲೆಯಷ್ಟೇ ಉಳಿದಿತ್ತು. ಮೊದಲ ಸರದಿ ಯಶ್ವಿತಾಳದು. ಅವಳು ಪಾಟಿಯನ್ನು ತಿರುಗಿಸಿ ನೋಡಿದಳು, ಅವರ ಮುಖ ನೋಡಿದಳು, ಎದೆಯನ್ನೂ ಮುಟ್ಟಿಕೊಳ್ಳಲಿಲ್ಲ, ಅವರನ್ನೂ ತೋರಿಸಲಿಲ್ಲ.

“ಸರ್, ಇದು ಬರೆದು ಮುಗಿಯಲಿಲ್ಲ,” ಎಂದು ಪಾಟಿಯನ್ನು ಅವರಿಗೇ ವಾಪಸು ಕೊಟ್ಟಳು.

ಉಳಿದ ಮಕ್ಕಳೂ ಹಾಗೆಯೇ ಕೊಟ್ಟರು. ತೇಗೂರರು ಬೋಳು ಎತ್ವಗಳ ಪಾಟಿಗಳನ್ನು ಎದೆಗೆ ಒತ್ತಿಕೊಂಡು ಬಿಸಿಯೂಟದ ಕೋಣೆಯ ನಡುವೆ ನಿಂತಿದ್ದರು. ಕೈ ತುಂಬಿ ಎರಡು ಪಾಟಿ ಜಾರುವುದರಲ್ಲಿದ್ದವು. ಕಸ್ತೂರಿ ಹಿಡಿದುಕೊಳ್ಳಲು ಹೋದಾಗ ಅವರು ಮೆಲುದನಿಯಲ್ಲಿ, ಸಣ್ಣವನಿದ್ದಾಗ ತಾನೂ ಒಮ್ಮೆ ‘ಮ್ಯಾಲ’ ಎಂದು ಬರೆದು ಪೆಟ್ಟು ತಿಂದಿದ್ದೆ ಎಂದರು. ಅಷ್ಟೇ ಹೇಳಿದರು. ಅವಳಿಗೆ ಅಷ್ಟು ಸಾಕಾಯಿತು.

ಆದರೂ ಆನೆಯ ಪ್ರಶ್ನೆ ಉಳಿದೇ ಇತ್ತು. ಅದನ್ನು ಬಿಡಿಸಿದ್ದು ಜಲಜಾಕ್ಷಿ ಟೀಚರ್. ಈ ಮಕ್ಕಳು ಶಾಲೆಗೆ ಸಮವಸ್ತ್ರ ಹಾಕಿಕೊಂಡು ಬರುತ್ತಾರೆ, ಮನೆಗೆ ಹೋದ ಕೂಡಲೇ ಬದಲಾಯಿಸುತ್ತಾರೆ, ಒಂದು ದಿನವಾದರೂ ಯಾರಿಗಾದರೂ ಗೊಂದಲವಾದದ್ದುಂಟಾ ಎಂದು ಅವರು ಕೇಳಿದರು. ಶಾಲೆಯ ಬರಹಕ್ಕೂ ಮನೆಯ ಬರಹಕ್ಕೂ ಹಾಗೆಯೇ ಬೇರೆ ಬೇರೆ ಬಟ್ಟೆ ಕೊಟ್ಟರೆ ಆಯಿತಲ್ಲ. ಕಸ್ತೂರಿ ಅವರ ಮುಖವನ್ನೇ ನೋಡಿದಳು. ಎರಡು ರಾಶಿ ಚುಕ್ಕಿಗಳನ್ನು ಒಂದೇ ಗುಡಾಣದಲ್ಲಿ ತುಂಬಿದ್ದೇ ತನ್ನ ತಪ್ಪು ಎಂಬುದು ಅವಳಿಗೆ ಆಗ ಹೊಳೆಯಿತು.

ಆ ಮಧ್ಯಾಹ್ನವೂ ಮರುದಿನ ಬೆಳಿಗ್ಗೆಯೂ ಅವಳು ಜಗಲಿಯ ಮೇಲೆ ಕೂತು ಪಾಟಿಯ ಒಳಗನ್ನು ಎರಡಾಗಿ ಸೀಳಿದಳು. ಮರದ ಕಟ್ಟಿನ ಮೂಲೆಯಲ್ಲಿ ಎರಡು ಚಿತ್ರ ಮೂಡಿದವು, ಒಂದು ಶಾಲೆಯ ಚೀಲ, ಒಂದು ಮನೆಯ ಬಾಗಿಲು. ಚೀಲ ಒತ್ತಿದರೆ ಪಾಟಿ ಶಾಲೆಯ ಕನ್ನಡವನ್ನು ಮಾತ್ರ ತಿದ್ದಿಸುತ್ತದೆ. ಬಾಗಿಲು ಒತ್ತಿದರೆ ಮನೆಮಾತಿನ ಎಲ್ಲ ಸ್ವರಗಳಿಗೂ ಜಾಗ. ಮಕ್ಕಳಿಗೆ ಅದನ್ನು ಹೇಳಿಕೊಡಲು ಒಂದು ಗಂಟೆ ಬೇಕಾದೀತೆಂದು ಅವಳ ಅಂದಾಜಿತ್ತು. ನಾಲ್ಕು ನಿಮಿಷ ಸಾಕಾಯಿತು. ಚೀಲ ಒತ್ತಿ ‘ಆನೆ’ ಬರೆದರು, ಬಾಲವಿಲ್ಲ. ಬಾಗಿಲು ಒತ್ತಿ ಬರೆದರು, ಬಾಲ ಬಂತು. ಆಮೇಲೆ ಹತ್ತು ನಿಮಿಷ ಅದನ್ನೇ ಆಟವಾಗಿ ಆಡಿದರು. ಶನಿವಾರ ಮಧ್ಯಾಹ್ನ ಗಡುವು ದಾಟಿದ್ದು ಯಾರ ಗಮನಕ್ಕೂ ಬರಲಿಲ್ಲ; ತೇಗೂರರು ಆಗ ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಕೂತು ಬಿಸಿಯೂಟದ ಅನ್ನ ಸಾರು ಉಣ್ಣುತ್ತಿದ್ದರು.

ಊಟವಾದ ಮೇಲೆ ಅವರ ವರದಿಗೆ ಒಂದು ಹೆಸರು ಬೇಕಾಯಿತು. ಈ ಅಕ್ಷರವನ್ನು ಏನೆಂದು ಕರೆಯುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಬಾಲದ ಎ ಎಂದಿತು ಒಂದು ಮಗು, ಬಂಗುಡೆ ಎ ಎಂದಿತು ಇನ್ನೊಂದು. ಯಶ್ವಿತಾ ಒಪ್ಪಲಿಲ್ಲ. ‘ಕ’ವನ್ನು ಕ ಅಂತಲೇ ಕರೆಯುವುದಲ್ಲವಾ, ಇದನ್ನೂ ಇದರ ಹಾಗೆಯೇ ಕರೆಯಬೇಕು, ಬೇರೆ ಹೆಸರು ಯಾಕೆ ಎಂದಳು. ತೇಗೂರರು ಹಾಗಾದರೆ ಹೇಳು ಎಂದರು. ಅವಳು ಹೇಳಿದಳು. ಅವರು ಅನುಸರಿಸಿ ಹೇಳಿದರು. ತರಗತಿಯಲ್ಲಿ ಮೂವತ್ತೊಂದು ತಲೆಗಳು ಒಟ್ಟಿಗೆ ಅಡ್ಡಡ್ಡ ಆಡಿದವು. ಇನ್ನೊಮ್ಮೆ ಹೇಳಿದರು, ಮತ್ತೆ ಅಡ್ಡಡ್ಡ. ಕಸ್ತೂರಿ ಒಂದೇ ಸಲಕ್ಕೆ ಸರಿಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದಳು, ಅದು ಅವರಿಗೆ ಇನ್ನಷ್ಟು ಉರಿಯಿತು. ಕಾರು ಹತ್ತುವವರೆಗೂ ಬಾಯಿ ಅಗಲಿಸುತ್ತ ಕಿರಿದು ಮಾಡುತ್ತ ಇದ್ದರು, ಬರಲಿಲ್ಲ.

ಸಮಿತಿ ಬಂತು. ಸದಸ್ಯರಲ್ಲಿ ಒಬ್ಬರು ಮೂಲೆಯ ಬಾಗಿಲಿನ ಚಿತ್ರ ಯಾವುದಕ್ಕೆಂದು ಕೇಳಿದರು, ಕಸ್ತೂರಿ ಒತ್ತಿ ತೋರಿಸಿದಳು. ಅವರದು ಬೀದರಿನ ಕಡೆ, ತಾವೂ ಒಂದೆರಡು ಪದ ಬರೆದು ನೋಡಿ, ಇದನ್ನು ಎಲ್ಲ ಪಾಟಿಗೂ ಹಾಕಬಹುದಲ್ಲ ಎಂದರು. ಶಾಲೆಯ ಕನ್ನಡದಲ್ಲಿ ಕಡಲಬೈಲಿಗೆ ತೊಂಬತ್ತೆಂಟು ಬಂದಿತ್ತು. ಬೇಸಿಗೆ ರಜೆ ಕಳೆದು ಶಾಲೆ ಶುರುವಾಗುವಾಗ ಪಾಟಿ ಇಡೀ ರಾಜ್ಯಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಜಲಜಾಕ್ಷಿ ಟೀಚರ್ ಒಂದು ಫೋಟೋ ಕಳಿಸಿದರು. ಪಾಟಿಯ ಮೇಲೆ ಯಶ್ವಿತಾಳ ದುಂಡು ಅಕ್ಷರ. ಶಾಲೆಯ ವಾರ್ಷಿಕೋತ್ಸವಕ್ಕೆ ತೇಗೂರ ಸರ್ ಬರಬೇಕೆಂದು ಬರೆದು, ಕೊನೆಗೆ ‘ಈರ್ ಬರ್ಪರಾ?’ ಎಂದು ಕೇಳಿದ್ದಳು, ನೀವು ಬರುತ್ತೀರಾ ಎಂದು. ಕಾಗದದಲ್ಲಿ ಬೇಡ, ಫೋನಿನಲ್ಲಿ ಬಾಯಿಂದಲೇ ಉತ್ತರ ಹೇಳಬೇಕಂತೆ, ತರಗತಿಯವರೆಲ್ಲ ಕೇಳಿಸಿಕೊಳ್ಳುತ್ತಾರಂತೆ.

ಕಸ್ತೂರಿ ಆ ಫೋಟೋವನ್ನು ತೇಗೂರರಿಗೆ ಕಳಿಸಿ, ಅರ್ಧ ಗಂಟೆ ಬಿಟ್ಟು ಸಹಿಗೆಂದು ಒಂದು ಫೈಲು ಹಿಡಿದುಕೊಂಡು ಅವರ ಕೋಣೆಗೆ ಹೋದಳು. ಬಾಗಿಲು ಮುಚ್ಚಿತ್ತು. ಒಳಗಿಂದ ಅವರ ದನಿ ಬರುತ್ತಿತ್ತು.

“ಬರ್ಪೆ,” ಎಂದರು ಅವರು. ಅವನು ಬರುತ್ತಾನೆ ಎಂದಾಯಿತು ಅದು. ಫೋನಿನ ಆ ಕಡೆಯಿಂದ ಸಣ್ಣ ಸಣ್ಣ ದನಿಗಳು ಒಟ್ಟಾಗಿ, ಯಾರು ಸರ್ ಬರುವುದು ಎಂದು ಕೇಳಿದವು.

“ಬರ್ಪೆ.” ಇನ್ನೂ ಅವನೇ. ಮತ್ತೆ ಅದೇ ಪ್ರಶ್ನೆ, ಈ ಸಲ ನಗುವಿನ ಜೊತೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಎದ್ದು ನಿಂತರೆಂದು ಕಾಣುತ್ತದೆ. ಕಸ್ತೂರಿ ಫೈಲನ್ನು ಎದೆಗೆ ಒತ್ತಿಕೊಂಡು, ಹೊರಗೆ ನಿಂತಲ್ಲೇ ತನ್ನ ಬಾಯಿಯನ್ನು ತುಸು ಅಗಲಿಸಿದಳು.

“ಬರ್ಪೆ,” ಎಂದರು ತೇಗೂರರು.

ಆ ಕಡೆಯಿಂದ ಮೂವತ್ತೊಂದು ಮಕ್ಕಳ ಚಪ್ಪಾಳೆ ಮುಚ್ಚಿದ ಬಾಗಿಲನ್ನೂ ದಾಟಿ ಕಾರಿಡಾರಿನ ತುಂಬ ಕೇಳಿಸಿತು.